ಕೆಂಪು ಗೀಟು

ಯಾರ ಮಾಹಿತಿಯನ್ನು ಯಾರು ತೆರೆದು ನೋಡಿದರು ಎಂದು ಬರೆದಿಡುವುದು ಹಳೆಯ ಕಾಯ್ದೆ. ಯಾವ ಎದೆಯಿಂದ ನೋಡಿದರು ಎಂದು ಬರೆದಿಡುವುದು ಹೊಸ ಕಾಯ್ದೆ.

ಹಳೆಯದು ಕೆಟ್ಟದ್ದು ಕಾರಣದ ಕಾಲಮ್ಮಿನಲ್ಲಿ. ಆಸ್ಪತ್ರೆಯ ಗುಮಾಸ್ತ ಬೀಗರ ಮಗಳ ರಕ್ತಪರೀಕ್ಷೆ ತೆರೆದು ನೋಡಿದರೂ ‘ಕೆಲಸದ ನಿಮಿತ್ತ’ ಎಂದೇ ಬರೆಯುತ್ತಿದ್ದ. ಹೆಣ್ಣು ನೋಡಲು ಹೋಗುವ ಮೊದಲು ಹೆಣ್ಣಿನ ಕಡತ ನೋಡಿಸುವುದು ಒಂದು ಪದ್ಧತಿಯೇ ಆಗಿಹೋಗಿತ್ತು. ಎಷ್ಟೋ ಹುಡುಗಿಯರ ಮದುವೆ ಯಾರೂ ಬಾಯಿಬಿಟ್ಟು ಹೇಳದ ಕಾರಣಕ್ಕೆ ಮುರಿದುಬಿತ್ತು. ಕೊನೆಗೆ ಒಬ್ಬಳು ಕೋರ್ಟಿಗೆ ಹೋದಳು. ಬರೆದ ಕಾರಣ ಸುಳ್ಳಾದರೆ ಬರೆಯದ ಕಾರಣವನ್ನು ಹಿಡಿಯಿರಿ ಎಂದಿತು ಕೋರ್ಟು.

ಹಾಗೆ ಬಂದದ್ದು ಗುಂಡಕಲ್ಲು. ಸರಕಾರ ಅದಕ್ಕೆ ಉದ್ದನೆಯ ಹೆಸರಿಟ್ಟಿತ್ತು. ಗದಗಿನ ಆರೋಗ್ಯ ಒಕ್ಕೂಟದ ಹೆಂಗಸರು ಮೊದಲ ದಿನವೇ ಅದನ್ನು ಮರೆತು ಗುಂಡಕಲ್ಲು ಎಂದರು. ಚಟ್ನಿ ಅರೆಯುವ ಕಲ್ಲಿನಂತೆ ಕಪ್ಪಗೆ, ನುಣ್ಣಗೆ, ಅಂಗೈ ತುಂಬುವಷ್ಟು. ಅದರ ಮೇಲೆ ಕೈ ಇಟ್ಟರೆ ಮಾತ್ರ ಕಂಪ್ಯೂಟರಿನಲ್ಲಿ ಕಡತ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ಇಟ್ಟಷ್ಟು ಹೊತ್ತೂ ಕಲ್ಲು ನಾಡಿ ಹಿಡಿದಿರುತ್ತದೆ. ನೌಕರನ ದಿನನಿತ್ಯದ ನಾಡಿ ಹೇಗಿರುತ್ತದೆ ಎಂಬುದನ್ನು ಅದು ಮೊದಲೇ ಕಲಿತುಕೊಂಡಿರುತ್ತದೆ. ಮೆಟ್ಟಿಲು ಹತ್ತಿ ಬಂದ ಏದುಸಿರು, ಜ್ವರ, ಖಾರ ತಿಂದ ಬೆವರು ಎಲ್ಲವನ್ನೂ ಕಳೆದು, ಉಳಿದದ್ದನ್ನು ಮಾತ್ರ ಬರೆಯುತ್ತದೆ. ಉಳಿಯುವುದು ಎದೆಯದ್ದು. ಎದೆ ಸುಮ್ಮನಿದ್ದರೆ ಓದಿದವರ ಹೆಸರಿನ ಮುಂದೆ ಕಪ್ಪು ಗೀಟು. ಹೊಡೆದುಕೊಂಡರೆ ಕೆಂಪು ಗೀಟು. ಪ್ರೀತಿಯೋ, ಹಗೆಯೋ, ಹೆದರಿಕೆಯೋ ಎಂದು ಕಲ್ಲಿಗೆ ತಿಳಿಯುವುದಿಲ್ಲ. ಅದನ್ನು ಕೇಳಿ ತಿಳಿಯಲು ಪ್ರತಿ ಸಂಸ್ಥೆಯಲ್ಲೂ ಒಬ್ಬ ದಾಖಲೆ ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳಿತು.

ಜನ ಇದಕ್ಕೂ ಒಗ್ಗಿಕೊಂಡರು. ತಿಂಗಳಿಗೊಮ್ಮೆ ಮನೆಗೆ ಚೀಟಿ ಬರುತ್ತಿತ್ತು, ನಿಮ್ಮನ್ನು ಯಾರು ಓದಿದರು, ಯಾವ ಬಣ್ಣದ ಗೀಟು ಎಂದು. ಹಿಟ್ಟಿನ ಗಿರಣಿಯ ಮುಂದೆ ಹೆಂಗಸರು ಚೀಟಿಗಳನ್ನು ಹೋಲಿಸಿ ನೋಡುತ್ತಿದ್ದರು. ಡಾಕ್ಟರರ ಕೆಂಪು ಗೀಟು ಬಂದವಳು ಅಳುತ್ತ ಮನೆಗೆ ಹೋಗುತ್ತಿದ್ದಳು. ಬರೀ ಕಪ್ಪು ಗೀಟು ಬಂದವಳು, ನಾವು ಸತ್ತರೂ ಯಾರಿಗೂ ಏನೂ ಅನಿಸೋದಿಲ್ಲ ಬಿಡವ್ವಾ ಎಂದು ಮೂತಿ ತಿರುವುತ್ತಿದ್ದಳು.

ಒಕ್ಕೂಟದ ದಾಖಲೆ ಅಧಿಕಾರಿ ಕಸ್ತೂರಿ ಮುಳಗುಂದ. ಕಡತದ ಒಳಗೇನಿದೆ ಎಂದು ನೋಡುವ ಹಕ್ಕು ಅವಳಿಗಿರಲಿಲ್ಲ. ಬಾಗಿಲು ಯಾರು ತೆಗೆದರು ಎಂಬುದಷ್ಟೇ ಅವಳ ಪರದೆಯ ಮೇಲೆ ಬರುತ್ತಿತ್ತು. ಕೆಂಪು ಬಿದ್ದವರನ್ನು ಕರೆಸಿ, ಕೈಯನ್ನು ಕಲ್ಲಿನ ಮೇಲೆ ಇಡಿಸಿ, ಕಾರಣ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ನಾಚಿಕೆ ಮಾಡಿಕೊಂಡು ಕೇಳುವವಳಲ್ಲ. ಹಿಂದೊಮ್ಮೆ ತನ್ನ ಜೊತೆ ನಿಶ್ಚಿತಾರ್ಥ ಮುರಿದುಕೊಂಡ ವರನ ಕಡತ ತೆರೆದ ನರ್ಸಿಗೆ ಅವಳು ಎಲ್ಲರೆದುರಿಗೆ ಕೇಳಿದ್ದಳು, ಅವನಿಗೇನೋ ಕಾಯಿಲೆ ಬಂದದ್ದು ನೋಡಿ ಹೊಟ್ಟೆ ತಣ್ಣಗಾಯಿತೇನವ್ವಾ ಎಂದು. ನರ್ಸು ಹೂಂ ಎಂದಿದ್ದಳು. ಕಸ್ತೂರಿ ಅದನ್ನೇ ಕಾರಣದ ಕಾಲಮ್ಮಿನಲ್ಲಿ ಬರೆದಿದ್ದಳು.

ಅಂಥ ಕಸ್ತೂರಿಯ ಪರದೆಯ ಮೇಲೆ ಒಂದು ಮುಂಜಾನೆ ಗಂಡನ ಹೆಸರು ಬಂತು. ಓದಿದವರು, ಮುರಿಗೆಪ್ಪ ಮುಳಗುಂದ. ಓದಿಸಿಕೊಂಡವರು, ಶೈಲಾ ಪತ್ತಾರ, ಬೆಟಗೇರಿ. ಗೀಟು ಕೆಂಪು, ರಕ್ತ ಚೆಲ್ಲಿದ ಹಾಗೆ.

ಮುರಿಗೆಪ್ಪನಿಗೂ ಅದೇ ಕಟ್ಟಡದಲ್ಲಿ, ಕೆಳಗಿನ ಮಾಳಿಗೆಯಲ್ಲಿ ನೌಕರಿ. ತಪಾಸಣೆಗೆ ಬರಬೇಕಾದ ರೋಗಿಗಳಿಗೆ ಫೋನು ಮಾಡಿ ನೆನಪಿಸುವ ಗುಮಾಸ್ತ. ಬೆಟಗೇರಿ ಅವನ ಪಾಲಿಗೆ ಬಂದ ಊರು, ಆದ್ದರಿಂದ ಆ ಕಡತ ತೆರೆಯುವ ಹಕ್ಕು ಅವನಿಗಿತ್ತು. ಎದೆ ಬಡಿಸಿಕೊಳ್ಳುವ ಹಕ್ಕು ಎಲ್ಲಿಂದ ಬಂತು? ಕಸ್ತೂರಿ ಹಿಂದಿನ ಗೀಟುಗಳನ್ನು ತೆಗೆದು ನೋಡಿದಳು. ಊರಿನ ಉಳಿದವರೆಲ್ಲ ಕಪ್ಪು. ಶೈಲಾ ಪತ್ತಾರ ಬಂದಲ್ಲೆಲ್ಲ ಕೆಂಪು. ಫೋನು ಮಾಡುವ ದಿನವಲ್ಲದ ದಿನವೂ ತೆರೆದಿದ್ದ. ಅವಳ ಕಡತಕ್ಕೆ ಅವನು ಕಲ್ಲಿನ ಮೇಲೆ ಕೈಯಿಟ್ಟ ಹೊತ್ತೂ ದೊಡ್ಡದು.

ತನ್ನ ಹೆಸರನ್ನು ಹುಡುಕಿದಳು. ನೌಕರರು ಹೆಂಡತಿಯ, ಗಂಡನ ಕಡತ ತೆರೆಯಬೇಕಾದರೆ ಅವರಿಂದ ಅನುಮತಿ ಚೀಟಿ ಬರೆಸಿ ತರಬೇಕು. ಅಂಥ ಚೀಟಿಗಳಿಗೆ ದಿನಾ ಸಿಕ್ಕೆ ಒತ್ತುವವಳು ಅವಳೇ. ಕಚೇರಿಯ ಸಿಪಾಯಿ ಕೂಡ ಹೆಂಡತಿಯ ಬಿಪಿ ನೋಡಲು ಚೀಟಿ ತರುತ್ತಿದ್ದ. ಮುರಿಗೆಪ್ಪ ಒಂದು ಸಲವೂ ಕೇಳಿರಲಿಲ್ಲ. ಕಸ್ತೂರಿ ಮುಳಗುಂದ, ಓದಿದವರು ಯಾರೂ ಇಲ್ಲ. ಕಪ್ಪು ಗೀಟೂ ಇಲ್ಲ.

ಸಂಬಂಧಿಕರ ಕೆಂಪು ಗೀಟು ಬಂದರೆ ಅಧಿಕಾರಿ ತಾನು ವಿಚಾರಿಸಬಾರದು, ಮೇಲಿನವರಿಗೆ ಒಪ್ಪಿಸಬೇಕು. ಅವಳ ಮೇಲಿನವರು ನದಾಫ್ ಮೇಡಂ, ಎದುರಿನ ಕೋಣೆಯಲ್ಲೇ ಕೂತಿದ್ದರು. ಕಸ್ತೂರಿ ಆ ಬಾಗಿಲನ್ನು ನೋಡಿದಳು, ಏಳಲಿಲ್ಲ.

ಅಂದು ಸಂಜೆ ಮುರಿಗೆಪ್ಪ ಬದನೆಕಾಯಿ ಬಜಿ ಕಟ್ಟಿಸಿಕೊಂಡು ಬಂದ. ಜೊತೆಗೆ ಒಂದು ಮೊಳ ಮಲ್ಲಿಗೆ. ಕೈಕಾಲು ತೊಳೆಯುವಾಗ ಹಾಡೂ ಬಂತು. ಕಸ್ತೂರಿಗೆ ಆಗ ಹಿಂದಿನದೆಲ್ಲ ನೆನಪಾಯಿತು. ಆಗಾಗ ಹೀಗೆ ಒಂದೊಂದು ಸಂಜೆ ಇವನಿಗೆ ಹಬ್ಬ ಬರುತ್ತಿತ್ತು. ಯಾವ ದಿನ ಎಂದು ಈಗ ಗೊತ್ತಾಯಿತು. ಕಂಡವಳ ಕಡತ ಓದಿ ಬಂದು ಕಟ್ಟಿಕೊಂಡವಳಿಗೆ ಬಜಿ ತಿನ್ನಿಸುವ ದಿನ.

“ಯಾಕ್ರಿ, ಇವತ್ತ ಖುಷಿ ಭಾಳ ಐತಲ್ಲ?” ಎಂದಳು.

“ಹಂಗ ದಾರ್ಯಾಗ ಬಿಸಿಬಿಸಿ ಕರೀತಿದ್ರು, ತಂದೆ.”

ಮಲ್ಲಿಗೆಯನ್ನು ಅವಳು ಗೋಡೆಯ ದೇವರ ಮಾಡಕ್ಕೆ ಇಟ್ಟಳು. ಮುಡಿಯಲು ಕೂದಲೆಲ್ಲಿತ್ತು? ಮೂರು ವರ್ಷದ ಹಿಂದೆ ಆ ಜಡ್ಡು ಬಂದಾಗ ಉದುರಿದ್ದು ತಿರುಗಿ ಬರುವಾಗ ಅರ್ಧವೇ ಬಂದಿತ್ತು. ಆ ಜಡ್ಡಿನ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಔಷಧ ಮುಗಿದ ದಿನ ಕಸ್ತೂರಿ ಅಪ್ಪಣೆ ಮಾಡಿದ್ದಳು, ಆ ಮಾತು ಈ ಮನೆಯಲ್ಲಿ ಮುಗಿಯಿತು ಎಂದು. ತಪಾಸಣೆಗೆ ಬನ್ನಿ ಎಂದು ಫೋನು ಬಂದರೆ ಕೆಳಗಿಡುತ್ತಿದ್ದಳು. ಹೋಗಿ ಬಾ ಎಂದು ಮುರಿಗೆಪ್ಪ ಒಮ್ಮೆ ಹೇಳಿದ್ದಕ್ಕೆ ಊಟದ ತಾಟು ಅಂಗಳಕ್ಕೆ ಹೋಗಿತ್ತು. ಮತ್ತೆ ಅವನು ಹೇಳಲಿಲ್ಲ.

ಭಾನುವಾರ ಅವಳು ಅವನ ಕೈಯ ಉಗುರು ತೆಗೆಯುವ ನೆಪದಲ್ಲಿ ಮಣಿಕಟ್ಟು ಹಿಡಿದು ಕೂತಳು. ಬೆರಳುಗಳನ್ನು ನಾಡಿಯ ಮೇಲೆ ಜಾರಿಸಿದಳು. ಹತ್ತಿರ ಸರಿದಳು, ಮೊಣಕಾಲಿಗೆ ಮೊಣಕಾಲು ತಾಗಿಸಿದಳು. ದನ ಮೆಲುಕು ಹಾಕಿದ ಹಾಗೆ ಹೊಡೆದುಕೊಳ್ಳುತ್ತಿತ್ತು ಅವನ ನಾಡಿ. ಆ ಶೈಲಾಳ ಕಡತ ತೆರೆದರೆ ಓಡುವ ಎದೆ, ತಾನೇ ಪಕ್ಕದಲ್ಲಿ ಕೂತರೆ ನಿದ್ದೆ ಮಾಡುತ್ತಿದೆ. ಕಸ್ತೂರಿ ಉಗುರನ್ನು ಹಸಿ ಬರುವವರೆಗೆ ಕತ್ತರಿಸಿದಳು.

“ಎವ್ವಾ, ನಿಧಾನ,” ಎಂದ ಅವನು.

ಮರುದಿನ ಅವಳು ಬೆಟಗೇರಿಗೆ ಹೋದಳು. ಶೈಲಾ ಪತ್ತಾರ ಬ್ಲೌಸು ಹೊಲಿಯುವವಳು. ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ನಡುವೆ ಸಣ್ಣ ಅಂಗಡಿ. ಕಸ್ತೂರಿ ಒಂದು ಖಣ ಹಿಡಿದುಕೊಂಡು ಒಳಗೆ ಹೋದಳು. ಶೈಲಾಳ ಬಣ್ಣ ಕಪ್ಪು, ಕಣ್ಣು ದೊಡ್ಡವು, ಕುತ್ತಿಗೆಯಲ್ಲಿ ತಾಳಿ ಇಲ್ಲ. ಬೆನ್ನ ಮೇಲೆ ಜಡೆ ಇತ್ತು, ಹಗ್ಗದಂಥ ಜಡೆ. ಕಸ್ತೂರಿಯ ಕಣ್ಣು ಅಲ್ಲೇ ನಿಂತಿತು. ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತ ಶೈಲಾ ಅವಳ ಮುಖವನ್ನೇ ನೋಡಿದಳು.

“ಅಕ್ಕಾರ, ನಿಮ್ಮನ್ನ ಎಲ್ಲೋ ನೋಡೀನಿ.”

“ಗದಗ ಏನ ಮುಂಬೈ ಅಲ್ಲ. ನೋಡಿರತಿ,” ಎಂದಳು ಕಸ್ತೂರಿ.

ಟೇಪು ಎದೆಯ ಸುತ್ತ ಬಂದಾಗ ಶೈಲಾಳ ಕೈ ಒಂದು ಕಡೆ ತಡೆಯಿತು. ಅಲ್ಲಿ ಹಳೆಯ ಹೊಲಿಗೆಯ ಗುರುತಿತ್ತು. ಏನೂ ಕೇಳದೆ, ಆ ಬದಿಗೆ ಬಟ್ಟೆ ಸಡಿಲ ಬಿಡುತ್ತೇನೆ, ಒತ್ತುವುದಿಲ್ಲ ಎಂದಳು. ಕಸ್ತೂರಿಗೆ ಮೈಯೆಲ್ಲ ಉರಿಯಿತು. ಇವಳಿಗೆ ಎಲ್ಲ ಗೊತ್ತು, ಅವನೇ ಹೇಳಿದ್ದಾನೆ, ಇಬ್ಬರೂ ಕೂತು ನನ್ನ ಮೈಯ ಬಗ್ಗೆ ಮಾತಾಡಿದ್ದಾರೆ ಎಂದುಕೊಂಡಳು.

ಕಚೇರಿಗೆ ಬಂದವಳೇ ತಡೆ ಹಾಕಿದಳು. ದಾಖಲೆ ಅಧಿಕಾರಿಗೆ ಇರುವ ದೊಡ್ಡ ಅಧಿಕಾರ ಅದೊಂದೇ. ಒಬ್ಬ ನೌಕರನಿಗೆ ಒಂದು ಕಡತ ತೆರೆಯದಂತೆ ಬೀಗ ಹಾಕುವುದು. ಕಾರಣ ಬರೆಯಬೇಕು. ‘ರೋಗಿಯ ಮೌಖಿಕ ದೂರು’ ಎಂದು ಬರೆದಳು. ಇಷ್ಟು ವರ್ಷ ಬೇರೆಯವರ ಸುಳ್ಳು ಕಾರಣಗಳನ್ನು ಹಿಡಿದು ಹಿಂಡಿದ ಕೈ ಅದು. ತಡೆ ಹಾಕುವಾಗ ಅವಳ ಅಂಗೈಯೂ ಕಲ್ಲಿನ ಮೇಲೇ ಇತ್ತು ಎಂಬುದು ಅವಳಿಗೆ ಹೊಳೆಯಲಿಲ್ಲ.

ಮುರಿಗೆಪ್ಪನ ಹಾಡು ನಿಂತಿತು. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂರುತ್ತಿದ್ದ. ಕಸ್ತೂರಿಗೆ ಮೊದಲು ಖುಷಿಯಾಯಿತು, ಆಮೇಲೆ ಆ ಖುಷಿಯೇ ಚುಚ್ಚಿತು. ಒಂದು ಕಡತ ಮುಚ್ಚಿದ್ದಕ್ಕೆ ಇಷ್ಟು ವಿರಹವೇ? ನನ್ನ ಕಡತವನ್ನು ಮೂರು ವರ್ಷ ತೆರೆದೂ ನೋಡದವನಿಗೆ?

ತಡೆ ಬಿದ್ದ ನೌಕರ ವಿಚಾರಣೆ ಕೇಳಬಹುದು. ಮುರಿಗೆಪ್ಪ ಕೇಳಿದ. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಮೇಲಿನ ಮಾಳಿಗೆಗೆ ಬಂದು, ಪರಕೀಯನ ಹಾಗೆ ಅವಳ ಮೇಜಿನ ಎದುರು ನಿಂತ.

“ಹೆಸರು ಹೇಳ್ರಿ,” ಎಂದಳು ಅವಳು.

“ಮುರಿಗೆಪ್ಪ ಮುಳಗುಂದ. ಮನಿ ವಿಳಾಸ ಮೇಡಮ್ಮಾರಿಗೆ ಗೊತ್ತಿರಬೇಕು.”

“ಚಾಷ್ಟಿ ಬ್ಯಾಡ. ಕೈ ಇಡ್ರಿ. ಶೈಲಾ ಪತ್ತಾರ ನಿಮಗ ಏನಾಗಬೇಕು?”

“ಏನೂ ಆಗಬೇಕಿಲ್ಲ.”

ಪರದೆಯ ಮೇಲೆ ಗೀಟು ಕಪ್ಪಗೇ ಹೋಯಿತು. ನಿಜ ಹೇಳುತ್ತಿದ್ದ. ಅದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

“ಏನೂ ಆಗದಾಕಿ ಕಡತ ತೆಗೆದ್ರ ಎದಿ ಯಾಕ ಹಂಗ ಬಡಕೋತೈತಿ? ನನ್ನ ಕೈಯಾಗ ನಿಮ್ಮ ಕೈ ಇದ್ರ ಏನೂ ಆಗೂದಿಲ್ಲ. ನಾ ನೋಡೀನಿ.”

ಮುರಿಗೆಪ್ಪ ಉಗುರು ಕತ್ತರಿಸಿದ ಬೆರಳನ್ನು ನೋಡಿಕೊಂಡ. ಅವನ ಮುಖದಲ್ಲಿ ಏನೋ ಅರ್ಥವಾದ ಗೆರೆ ಮೂಡಿತು. ಗೀಟು ಕೆಂಪಾಗತೊಡಗಿತು.

“ಆಕಿ ನಿನ್ನ ಬಾಜೂ ಖುರ್ಚ್ಯಾಗ ಕುಂತಾಕಿ, ಕಸ್ತೂರಿ,” ಎಂದ. “ದವಾಖಾನ್ಯಾಗ, ಔಷಧ ಏರಸೂ ಖೋಲ್ಯಾಗ. ಅದ ಜಡ್ಡು, ಅದ ಔಷಧ, ಅದ ವಾರ. ನೀ ಕಣ್ಣ ಮುಚಗೊಂಡ ಕೂಡತಿದ್ದಿ, ಯಾರ ಮುಖಾನೂ ನೋಡಲಿಲ್ಲ. ಆಕಿ ಕೂಡ ಯಾರೂ ಬರತಿರಲಿಲ್ಲ. ಬಾಯಾಗ ಹುಣ್ಣ ಏಳಬಾರದಂತ ಬರ್ಫ ಕೊಡತಾರಲ್ಲ, ನಿನಗ ತಂದಿದ್ದರಾಗ ಆಕಿಗೂ ಒಂದ ತುಂಡ ಕೊಡತಿದ್ದೆ.”

“ನನಗ ತಂದಿದ್ದರಾಗ?”

“ನೀ ಉಗುಳತಿದ್ದಿ.”

ಅವಳು ಏನೋ ಹೇಳಲು ಹೋದಳು. ಅವನು ಬಿಡಲಿಲ್ಲ. ಮೂರು ವರ್ಷದ ಮಾತು ಒಂದೇ ಸಲ ಬಂತು. ನೀನು ತಪಾಸಣೆಗೆ ಹೋಗುವುದಿಲ್ಲ, ಅವಳು ತಪ್ಪದೆ ಹೋಗುತ್ತಾಳೆ. ನಿನ್ನ ಕಡತ ತೆರೆದರೆ ಏನಿದೆ, ಖಾಲಿ ಹಾಳೆ. ಅನುಮತಿ ಕೇಳಿದರೆ ಆ ಮಾತು ತೆಗೆದ ಹಾಗಾಗುತ್ತದೆ. ಅದಕ್ಕೇ ಅವಳ ವರದಿ ನೋಡುತ್ತೇನೆ. ಅವಳದು ಚೆನ್ನಾಗಿ ಬಂದರೆ ನಿನ್ನದೂ ಚೆನ್ನಾಗಿದೆ ಎಂದುಕೊಂಡು ಬಜಿ ತರುತ್ತೇನೆ. ಶಾಸ್ತ್ರಕ್ಕೆ ಅದು ಸುಳ್ಳು ಎಂದು ಗೊತ್ತು, ಒಬ್ಬಳ ಮೈ ಇನ್ನೊಬ್ಬಳ ಮೈಯಲ್ಲ. ಆದರೆ ನನಗೆ ನೋಡಲು ಬೇರೆ ಏನಿತ್ತು?

“ಈ ಸಲದ ವರದಿ ಬಂದಿರಬೇಕು,” ಎಂದ ಕೊನೆಗೆ. “ನೋಡಾಕ ಆಗವಲ್ದು. ಅದಕ ಬಂದೀನಿ. ತಡಿ ತಗೀರಿ ಮೇಡಂ.”

ಗೀಟು ಅಂಚಿನಿಂದ ಅಂಚಿಗೆ ಕೆಂಪಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಕಣ್ಣೀರು ಹಾಕುತ್ತಿದ್ದರು. ಕಸ್ತೂರಿಗೆ ಹಾಗಾಗಲಿಲ್ಲ. ಇನ್ನೊಂದು ಹೊಟ್ಟೆಕಿಚ್ಚು ಎದ್ದಿತು. ನನಗಾಗಿ ಹೆದರಿದ ಹೆದರಿಕೆ, ನನಗಾಗಿ ಹೊಡೆದುಕೊಂಡ ಎದೆ, ಎಲ್ಲ ಹೋಗಿ ಆ ಜಡೆಯವಳ ಹೆಸರಿನ ಮುಂದೆ ಬಿದ್ದಿದೆ. ಕಾಯಂ ದಾಖಲೆ. ಅಳಿಸಲು ಬರುವುದಿಲ್ಲ. ನಾಳೆ ಯಾರು ತೆಗೆದು ನೋಡಿದರೂ ಮುರಿಗೆಪ್ಪನ ಎದೆ ಬಡಿದದ್ದು ಶೈಲಾ ಪತ್ತಾರಳಿಗೆ. ನನ್ನ ಮುಂದೆ ಸೊನ್ನೆ.

“ಹೋಗ್ರಿ,” ಎಂದಳು. “ತಡಿ ನಾ ತಗಿಯಾಕ ಬರೂದಿಲ್ಲ. ಸುಳ್ಳ ಬರದ ಹಾಕೀನಿ.”

ಎದ್ದು ನೇರವಾಗಿ ನದಾಫ್ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು, ದೂರು ತಾನೇ ಹುಟ್ಟಿಸಿದ್ದು ಎಂಬುದನ್ನೂ. ನದಾಫ್ ಮೇಡಂ ಚಹಾ ಕುಡಿಯುತ್ತ ಕೇಳಿದರು. ಆಮೇಲೆ ತಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು. ಅಲ್ಲಿ ಅಧಿಕಾರಿಯ ಓದಿನ ದಾಖಲೆ ಇತ್ತು. ಓದಿದವರು, ಕಸ್ತೂರಿ. ಓದಿಸಿಕೊಂಡವರು, ಮುರಿಗೆಪ್ಪ. ಪುಟದ ತುಂಬ ಕೆಂಪು, ಮೆಣಸಿನಕಾಯಿ ಒಣಹಾಕಿದ ಕಣದ ಹಾಗೆ.

“ದಾಖಲಿ ಇಡಾಕಿದೂ ದಾಖಲಿ ಇರತೈತಿ, ಮರತಿದ್ದೇನು?” ಎಂದರು. “ನೀನ ಬಂದು ಹೇಳಲಿ ಅಂತ ಕಾಯತಿದ್ದೆ. ಇನ್ನ ಎರಡ ದಿನ ಬಿಟ್ಟಿದ್ರ ನಾನ ಕರಸತಿದ್ದೆ.”

ಶಿಕ್ಷೆ ಇಬ್ಬರಿಗೂ ಆಯಿತು. ಬೇಡದ ದಿನ ಕಡತ ತೆರೆದದ್ದಕ್ಕೆ ಮುರಿಗೆಪ್ಪನಿಂದ ಬೆಟಗೇರಿ ಹೋಯಿತು. ಕಸ್ತೂರಿಯ ಕುರ್ಚಿ ಹೋಯಿತು. ಬರುವ ತಿಂಗಳಿಂದ ಟಪಾಲು ವಿಭಾಗ, ಚೀಟಿಗಳನ್ನು ಮಡಚಿ ಲಕೋಟೆಗೆ ಹಾಕುವ ಕೆಲಸ.

ಬ್ಲೌಸು ತರಲು ಅವಳು ಮತ್ತೆ ಬೆಟಗೇರಿಗೆ ಹೋದಾಗ ಅಂಗಡಿಯಲ್ಲಿ ಹೊಸ ಬಟ್ಟೆಯ ಗಂಟುಗಳು ಇರಲಿಲ್ಲ. ಶೈಲಾ ಹೊಲಿದದ್ದನ್ನು ಕೊಟ್ಟು, ಇನ್ನು ಸ್ವಲ್ಪ ದಿನ ಕೆಲಸ ಹಿಡಿಯುವುದಿಲ್ಲ ಎಂದಳು. ಔಷಧ ಏರಿಸುವ ಆ ಕೋಣೆಗೆ ಮತ್ತೆ ಹೋಗಿ ಕೂರಬೇಕಂತೆ. ಜಡ್ಡು ತಿರುಗಿ ಬಂದಿದೆಯಂತೆ. ನಳಕ್ಕೆ ನೀರು ಬಂದಿದೆ ಎನ್ನುವ ಹಾಗೆ ಹೇಳಿದಳು.

“ನಿಮ್ಮನ್ನ ಎಲ್ಲಿ ನೋಡೀನಿ ಅಂತ ಹೊಲಿಯೂ ಮುಂದ ನೆನಪಾತು, ಅಕ್ಕಾರ. ಬಾಜೂ ಖುರ್ಚಿ. ಬರ್ಫ ಕೊಡತಿದ್ದ ಅಣ್ಣಾರ ಹೆಂಡ್ತಿ.”

ಕಸ್ತೂರಿ ಕೂತುಕೊಂಡಳು. ಎದೆಯ ಹತ್ತಿರ ಟೇಪು ತಡೆದ ಕೈಗೆ ಅವತ್ತು ಗುರುತು ಹೇಗೆ ತಿಳಿಯಿತು ಎಂಬುದು ಈಗ ತಿಳಿಯಿತು. ಅವಳ ಮೈಯಲ್ಲೂ ಅದೇ ಹೊಲಿಗೆ.

ಶೈಲಾ ಗೂಡಿನಿಂದ ಚೀಟಿಗಳ ಕಟ್ಟು ತೆಗೆದಳು. ಒಕ್ಕೂಟದ ತಿಂಗಳ ಚೀಟಿಗಳು. ಯಾರೋ ಮುರಿಗೆಪ್ಪ ಎಂಬುವವರು ಕೆಂಪು ಗೀಟಿನಲ್ಲಿ ತನ್ನನ್ನು ಓದುತ್ತಿದ್ದಾರೆ, ತಪಾಸಣೆಗೆ ಫೋನು ಮಾಡುವವರು ಹೆಸರು ಹೇಳುವುದಿಲ್ಲ, ಯಾರು ಎಂದು ಗೊತ್ತಿಲ್ಲ, ದೂರು ಕೊಡು ಎಂದು ಪಕ್ಕದ ಮನೆಯವರು ಹೇಳಿದರು, ತಾನು ಕೊಡಲಿಲ್ಲ ಎಂದಳು.

“ನನಗ ಯಾರೂ ಇಲ್ರಿ. ಒಬ್ಬರಾದ್ರೂ ನನ್ನ ವರದಿ ನೋಡಿ ಎದಿ ಬಡಕೋತಾರಲ್ಲ ಅಂತ ಸಮಾಧಾನ ಇತ್ತು. ಚೀಟಿ ಬಂದಕೂಡಲೆ ಮೊದಲ ಅದನ್ನ ನೋಡತಿದ್ದೆ.” ಕೊನೆಯ ಚೀಟಿಯನ್ನು ಮುಂದೆ ಸರಿಸಿದಳು. “ಈ ತಿಂಗಳ ಇಲ್ಲ. ವರದಿ ಕೆಟ್ಟ ಬಂದ ತಿಂಗಳ ನೋಡ್ರಿ, ಅವರೂ ಇಲ್ಲ.”

ಆ ಗೀಟನ್ನು ತಡೆದವಳು ಎದುರಿಗೇ ಕೂತಿದ್ದಳು. ಮಗ್ಗಗಳು ಸದ್ದು ಮಾಡುತ್ತಿದ್ದವು. ಕಸ್ತೂರಿ ಆ ಚೀಟಿಯನ್ನು ಮಡಚಿ ಕೆಳಗಿಟ್ಟಳು. ಆಮೇಲೆ ಅವರು ಯಾರು, ಯಾಕೆ ಓದುತ್ತಿದ್ದರು, ಯಾಕೆ ನಿಂತಿತು ಎಂದು ಎಲ್ಲವನ್ನೂ ಹೇಳಿದಳು. ಶೈಲಾಳ ಮುಖ ಸಣ್ಣದಾಯಿತು. ಆ ಒಂದು ಗೀಟೂ ತನ್ನದಾಗಿರಲಿಲ್ಲ ಎಂಬುದು ಅವಳಿಗೆ ತಿಳಿಯುವುದನ್ನು ಕಸ್ತೂರಿ ನೋಡಿದಳು.

“ಹಂಗಾದ್ರ ಅದೂ ನಿಮ್ದ,” ಎಂದಳು ಶೈಲಾ.

“ಹೌದು, ನಂದ. ನನ್ನ ಗಂಡನ ಕೆಂಪು ಗೀಟು ನಿನಗ ಸಿಗೂದಿಲ್ಲ,” ಎಂದಳು ಕಸ್ತೂರಿ. “ಒಂದ ಹಾಳಿ ತಾ. ನನ್ನ ಹೆಸರಿಗೆ ಅನುಮತಿ ಬರದಕೊಡು. ಬೇಕಂದ್ರ ನನ್ನ ಗೀಟು ತಗೋ.”

ಮರುದಿನ ಅವಳು ಯಾರಿಗೂ ಹೇಳದೆ ರಕ್ತ ಕೊಟ್ಟಳು, ಯಂತ್ರದ ಕೆಳಗೆ ಮಲಗಿ ಬಂದಳು. ಮನೆಯಲ್ಲಿ ಒಂದು ಅನುಮತಿ ಚೀಟಿ ಬರೆದು ಮುರಿಗೆಪ್ಪನ ತಾಟಿನ ಪಕ್ಕದಲ್ಲಿಟ್ಟಳು. ವರದಿ ಬಂದ ದಿನ ನೀವೇ ತೆರೆಯಬೇಕು, ಬಾಯಿಂದ ನನಗೆ ಏನೂ ಹೇಳಬಾರದು ಎಂದಳು. ಮುರಿಗೆಪ್ಪ ಚೀಟಿಯನ್ನು ಎರಡು ಸಲ ಓದಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ರೊಟ್ಟಿ ಮರೆತ.

ವರದಿ ಬಂದದ್ದು ಅವಳು ಕುರ್ಚಿ ಬಿಡುವ ದಿನ. ಕೆಳಗೆ ಸಾರ್ವಜನಿಕರ ಕಿಟಕಿಯಲ್ಲಿ ಮುರಿಗೆಪ್ಪ ಚೀಟಿ ಕೊಟ್ಟು ಕೈಯಿಟ್ಟ. ಮೇಲೆ ದಾಖಲೆ ಕೋಣೆಯಲ್ಲಿ ನದಾಫ್ ಮೇಡಂ ಅವಳ ಜಾಗದಲ್ಲಿ ಕೂತಿದ್ದರು. ಸಂಬಂಧಿಕರ ಗೀಟು ಅಧಿಕಾರಿ ನೋಡಬಾರದಲ್ಲ ಎಂದು ಕಸ್ತೂರಿ ಬಾಗಿಲಲ್ಲೇ ನಿಂತಳು.

“ಕುರ್ಚ್ಯಾಗ ಕೂಡಬ್ಯಾಡ. ಹಿಂದ ನಿಂತ ನೋಡು,” ಎಂದರು ಮೇಡಂ. “ನಿಂತವರ ಬಗ್ಗೆ ಕಾಯ್ದೆದಾಗ ಏನೂ ಬರದಿಲ್ಲ.”

ಓದಿಸಿಕೊಂಡವರು, ಕಸ್ತೂರಿ ಮುಳಗುಂದ. ಗೀಟು ಹುಟ್ಟುವಾಗಲೇ ಕೆಂಪು. ಇಷ್ಟು ವರ್ಷ ನೂರಾರು ಜನರ ಗೀಟು ನೋಡಿದವಳು ಅಂಥದ್ದನ್ನು ಕಂಡಿರಲಿಲ್ಲ. ಅದು ಹರಿಯುತ್ತಲೇ ಇತ್ತು. ಅವನು ಮೊದಲ ಪುಟದಲ್ಲಿದ್ದಾನೆ. ಎರಡನೆಯದಕ್ಕೆ ಹೋಗಿದ್ದಾನೆ. ಈಗ ಡಾಕ್ಟರರ ಮಾತು ಇರುವ ಕೊನೆಯ ಸಾಲು. ಕಸ್ತೂರಿ ಮೇಡಂ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಳು. ಗೀಟು ಒಮ್ಮೆ ನಡುಗಿತು, ಕಂದಿತು, ತುದಿಯಿಂದ ಮೆಲ್ಲಗೆ ಕಪ್ಪಾಗುತ್ತ ಬಂತು. ಆಮೇಲೆ ನೆಟ್ಟಗೆ, ಕಪ್ಪಗೆ, ದನ ಮೆಲುಕು ಹಾಕಿದ ಹಾಗೆ ಮುಂದೆ ಹೋಯಿತು.

ಅವಳು ಉಸಿರು ಬಿಟ್ಟಳು. ನಂತರ ಬಗ್ಗಿ ಪರದೆಯನ್ನು ಸರಿಯಾಗಿ ನೋಡಿದಳು.

“ಶೈಲಾಂದಕ್ಕಿಂತ ನಂದು ಉದ್ದ ಐತಲ್ರಿ, ಮೇಡಂ?”

“ಉದ್ದ ಐತಿ, ಹೋಗು.”

ಕೆಳಗಿಳಿದಾಗ ಮುರಿಗೆಪ್ಪ ಕಿಟಕಿಯ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಮಾತು ಕೊಟ್ಟ ಹಾಗೆ ಬಾಯಿ ಮುಚ್ಚಿಕೊಂಡಿದ್ದ. ಬಜಿ ತಗೊಂಡು ಬನ್ನಿ, ಮೂವರಿಗೆ ಎಂದು ಅವನನ್ನು ಹೊರಗೆ ಕಳಿಸಿ, ಕಸ್ತೂರಿ ಶೈಲಾಳ ಚೀಟಿಯನ್ನು ಕಿಟಕಿಯೊಳಗೆ ಕೊಟ್ಟಳು. ಕಲ್ಲಿನ ಮೇಲೆ ಕೈಯಿಟ್ಟು ಆ ವರದಿಯನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದಳು, ಹೆಸರು ಹೇಳಬಾರದ ಜಡ್ಡಿನ ಹೆಸರನ್ನೂ.

ಕಿಟಕಿಯ ಫೋನು ರಿಂಗಾಯಿತು. ಮೇಲಿನಿಂದ ನದಾಫ್ ಮೇಡಂ. ಕೆಂಪು ಬಿದ್ದಿದೆ, ಕಾಯ್ದೆ ಪ್ರಕಾರ ಕೇಳಲೇಬೇಕು, ರೋಗಿ ನಿನಗೆ ಏನಾಗಬೇಕು, ಕಾರಣದ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದರು.

ಕಸ್ತೂರಿ ಕೈ ತೆಗೆಯಲಿಲ್ಲ.

“ಬಾಜೂ ಖುರ್ಚಿಯಾಕಿ ಅಂತ ಬರೀರಿ,” ಎಂದಳು.